ಪಾಳಿಯ ಲೆಕ್ಕ

“ಸರ್ವರ್ ಇಲ್ರೀ, ನಾಳೆ ಬರ್ರಿ.”

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ಊರಿನ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ. ಒಂದು ಮಳೆಗಾಲದಲ್ಲಿ ನನಗೂ ಸತತ ಎರಡು ದಿನ ಬಿತ್ತು. ಎರಡನೆಯ ದಿನ ಹಟ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತೆ. ಸಂಜೆ ಐದೂವರೆಯ ಸುಮಾರಿಗೆ ಜನ ಕರಗಿತು. ಮುಂಜಾನೆಯಿಂದ ಬಾರದಿದ್ದ ಕಾಗದ ಆಗ ಎರಡೇ ನಿಮಿಷದಲ್ಲಿ ಕೈಗೆ ಬಂತು. ನಡುವೆ ಯಾರೂ ಯಂತ್ರ ರಿಪೇರಿ ಮಾಡಿರಲಿಲ್ಲ, ತಂತಿ ಬದಲಿಸಿರಲಿಲ್ಲ. ಸರ್ವರ್ ಇಡೀ ದಿನ ಇತ್ತು. ನಮ್ಮ ಪಾಳಿ ಬಂದಿರಲಿಲ್ಲ, ಅಷ್ಟೇ.

ಪಾಳಿ ಎಂಬ ಶಬ್ದಕ್ಕೆ ನಮ್ಮ ಕಡೆ ಎರಡು ಅರ್ಥ. ‘ಪಾಳಿ ಹಚ್ಚಿ ನಿಂತರು’ ಅಂದರೆ ಸಾಲು. ‘ನನ್ನ ಪಾಳಿ ಬಂತು’ ಅಂದರೆ ಸರದಿ. ದೊಡ್ಡ ಕಂಪ್ಯೂಟರಿಗೆ ಎಷ್ಟು ಪ್ರೊಸೆಸರ್ ಹಾಕಬೇಕು ಎಂದು ಲೆಕ್ಕ ಮಾಡುವವರ ವಿದ್ಯೆಯೆಲ್ಲ ಈ ಎರಡು ಅರ್ಥಗಳ ನಡುವೆಯೇ ಇದೆ. ಸರದಿ ಯಾರಿಗೆ, ಎಷ್ಟು ಹೊತ್ತು, ಅಷ್ಟರಲ್ಲಿ ಸಾಲು ಎಷ್ಟು ಬೆಳೆದೀತು? ಈ ಲೆಕ್ಕ ಕೇವಲ ಬೆಂಗಳೂರಿನ ಎಂಜಿನಿಯರುಗಳ ಸ್ವತ್ತಾಗಿ ಉಳಿಯಬೇಕಿಲ್ಲ. ಅದರ ತಪ್ಪಿಗೆ ದಂಡ ತೆರುವವರು ಕಿಟಕಿಯ ಈಚೆಗೆ ನಿಂತ ನಾವು.

‘ಭೂಮಿ’ ಯೋಜನೆ ಶುರುವಾದ ಕಾಲವನ್ನು ನೆನಪಿಸಿಕೊಳ್ಳಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ತಲಾಟಿಯ ಗಂಟಿನಿಂದ ಕಂಪ್ಯೂಟರಿಗೆ ಇಳಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಉತಾರ ಸಿಗತೊಡಗಿತು. ಆಗ ಪ್ರತಿ ತಾಲ್ಲೂಕಿಗೂ ಅದರದೇ ಯಂತ್ರ. ಹಾನಗಲ್ಲಿನ ಯಂತ್ರ ಸುಮ್ಮನೆ ಕೂತಿದ್ದರೂ ಸವಣೂರಿನ ಸಾಲಿಗೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಮುಂದೆ ದಾಖಲೆಗಳು ಒಂದೆಡೆ ಸೇರುತ್ತ ಬೆಂಗಳೂರಿನ ಕಡೆ ಸಾಗಿದವು. ಬಿಡಿ ಯಂತ್ರಗಳನ್ನು ಹೀಗೆ ಒಂದು ಕಡೆ ಕೂಡಿಸುವ ಕೆಲಸ ಜಗತ್ತಿನ ತುಂಬ ನಡೆದಿದೆ. ಆ ಕೆಲಸದಲ್ಲಿ ಎಲ್ಲರಿಗಿಂತ ಹಳೆಯ ಹುಲಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್.

ಒಂದೇ ಯಂತ್ರವನ್ನು ಹಲವು ಯಂತ್ರಗಳೆಂದು ತೋರಿಸುವ ವಿದ್ಯೆ ಮೇನ್‌ಫ್ರೇಮಿಗೆ 1960ರ ದಶಕದಿಂದಲೇ ಗೊತ್ತು. ಐಬಿಎಂ 1972ರ ಆಗಸ್ಟಿನಲ್ಲಿ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತು. ಇವತ್ತಿನ ಜೆಡ್/ವಿಎಂ ಅದೇ ಮನೆತನದ ಕುಡಿ. 1999ರ ಡಿಸೆಂಬರಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಈ ಯಂತ್ರಕ್ಕೆ ಕಾಲಿಟ್ಟಿತು. ಮರುವರ್ಷ ಲಿನಕ್ಸಿಗೆಂದೇ ಮೀಸಲಾದ ಐಎಫ್‌ಎಲ್ ಎಂಬ ಪ್ರೊಸೆಸರ್ ಬಂತು. 2022ರಲ್ಲಿ ಬಂದ ಜೆಡ್16 ಎಂಬ ಮಾದರಿಯಲ್ಲಿ 200 ಪ್ರೊಸೆಸರ್‌ಗಳ ತನಕ ದುಡಿಸಿಕೊಳ್ಳಬಹುದು. ಈ ಯಂತ್ರಗಳ ಸಾಫ್ಟ್‌ವೇರ್ ಕೆಲಸದ ಒಂದು ಪಾಲು ಬೆಂಗಳೂರಿನಲ್ಲೇ ನಡೆಯುತ್ತದೆ.

2000ದ ಸುಮಾರಿಗೆ ಡೇವಿಡ್ ಬಾಯ್ಸ್ ಎಂಬ ತಜ್ಞರು ಪ್ರಯೋಗಕ್ಕೆಂದು ಮೇನ್‌ಫ್ರೇಮಿನ ಒಂದು ಭಾಗದೊಳಗೆ 41,400 ಲಿನಕ್ಸ್‌ಗಳನ್ನು ಎಬ್ಬಿಸಿ ನಿಲ್ಲಿಸಿದರು. ಆ ಸಂಖ್ಯೆ ಇವತ್ತಿಗೂ ದಂತಕಥೆಯಂತೆ ಓಡಾಡುತ್ತದೆ. ಆದರೆ ಎದ್ದು ನಿಲ್ಲುವುದು ಬೇರೆ, ದುಡಿಯುವುದು ಬೇರೆ. ಜಾತ್ರೆಯ ಬಯಲಿನಲ್ಲಿ ಎಷ್ಟು ಜನ ನಿಲ್ಲಬಹುದು ಎಂಬ ಲೆಕ್ಕದಿಂದ ದಾಸೋಹಕ್ಕೆ ಎಷ್ಟು ಅಕ್ಕಿ ಬೇಕೆಂದು ತಿಳಿಯದು.

ಹಾಗಾದರೆ ದುಡಿಮೆಯ ಲೆಕ್ಕ ಹೇಗೆ? ಅದಕ್ಕೆ ನಮ್ಮೂರ ಹಿಟ್ಟಿನ ಗಿರಣಿಗೆ ಹೋಗಬೇಕು.

ಗಿರಣಿಯಲ್ಲಿ ಎರಡು ಜೋಡಿ ಕಲ್ಲು. ಮುಂದೆ ಜೋಳದ ಡಬ್ಬಿಗಳ ಪಾಳಿ. ಡಬ್ಬಿ ಇಟ್ಟು ಮಂದಿ ಹೊಲಕ್ಕೋ ಅಂಗಡಿಗೋ ಹೋಗುತ್ತಿದ್ದರು. ಅವರ ಪರವಾಗಿ ಡಬ್ಬಿಯೇ ನಿಲ್ಲುತ್ತಿತ್ತು. ಕಲ್ಲು ಅಂದರೆ ನಿಜವಾದ ಪ್ರೊಸೆಸರ್, ಡಬ್ಬಿ ಅಂದರೆ ಒಂದೊಂದು ವರ್ಚುವಲ್ ಸರ್ವರ್ ತಂದಿಟ್ಟ ಕೆಲಸ, ಗಿರಣಿಯವ ಅಂದರೆ ಜೆಡ್/ವಿಎಂ ಎಂದುಕೊಳ್ಳಿ. ಒಂದೇ ವ್ಯತ್ಯಾಸ. ನಮ್ಮ ಗಿರಣಿಯವ ಒಂದು ಡಬ್ಬಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಜೆಡ್/ವಿಎಂ ಪ್ರತಿ ಡಬ್ಬಿಯಿಂದ ಒಂದೊಂದು ಹಿಡಿ ಕಾಳು ತೆಗೆದು ಬೀಸುತ್ತ ಹೋಗುತ್ತದೆ. ಅದರ ಕೈಚಳಕ ಹೇಗಿದೆಯೆಂದರೆ, ಗಿರಣಿ ತನ್ನೊಬ್ಬನಿಗಾಗಿಯೇ ತಿರುಗುತ್ತಿದೆ ಎಂದು ಪ್ರತಿಯೊಂದು ಲಿನಕ್ಸ್ ನಂಬಿಕೊಂಡಿರುತ್ತದೆ.

ಗಿರಣಿಯಲ್ಲಿ ಇನ್ನೊಂದು ಜಾತಿಯ ಗಿರಾಕಿ ಇರುತ್ತಾನೆ. ಅವನ ಡಬ್ಬಿ ಖಾಲಿ, ಆದರೂ ನಿಮಿಷಕ್ಕೊಮ್ಮೆ ಇಣುಕಿ “ನಂದು ಬಂತೇನ್ರೀ?” ಎಂದು ಕೇಳುತ್ತಾನೆ. ಮೊದಮೊದಲು ಮೇನ್‌ಫ್ರೇಮಿಗೆ ಬಂದ ಲಿನಕ್ಸ್ ಹೀಗೇ ಇತ್ತು. ಮಾಡಲು ಕೆಲಸವಿಲ್ಲದಿದ್ದರೂ ಗಡಿಯಾರ ನೋಡಲೆಂದು ಸೆಕೆಂಡಿಗೆ 100 ಸಲ ಏಳುತ್ತಿತ್ತು. ತನ್ನದೇ ಯಂತ್ರದ ಮೇಲಿದ್ದಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ 100 ಖಾಲಿ ಲಿನಕ್ಸ್‌ಗಳನ್ನು ಒಂದೆಡೆ ಕೂಡಿಸಿದರೆ ಸೆಕೆಂಡಿಗೆ 10,000 ಸಲ “ನಂದು ಬಂತೇನ್ರೀ?” ಕೇಳಬೇಕಾಗುತ್ತಿತ್ತು. ಕೆಲಸವಿದ್ದಾಗ ಮಾತ್ರ ಏಳುವಂತೆ ಅದನ್ನು ತಿದ್ದಿದ ಮೇಲೆಯೇ ಗಿರಣಿಯವನಿಗೆ ಉಸಿರಾಡಲು ಬಿಡುವಾಯಿತು.

ಈಗ ಅಂಕಿಗೆ ಬರೋಣ. ನಾಲ್ಕು ತಾಲ್ಲೂಕುಗಳ ಹೆಸರಿನಲ್ಲಿ ನಾಲ್ಕು ಲಿನಕ್ಸ್ ಸರ್ವರ್‌ಗಳಿವೆ ಎಂದಿಟ್ಟುಕೊಳ್ಳಿ. ಇದು ಪಾಟಿಯ ಮೇಲಿನ ಲೆಕ್ಕ. ಭೂಮಿಯಾಗಲಿ ಬೇರೆ ಯೋಜನೆಯಾಗಲಿ ಮೇನ್‌ಫ್ರೇಮಿನ ಮೇಲಿದೆ ಎಂದು ನಾನು ಹೇಳುತ್ತಿಲ್ಲ. ಪ್ರತಿ ಸರ್ವರ್‌ಗೆ ಯಾವ ಹೊತ್ತಿನಲ್ಲಿ ಎಷ್ಟು ಪ್ರೊಸೆಸರ್ ಬೇಕಾಯಿತು ಎಂದು ಅಳೆದು ಬರೆದುಕೊಂಡಿದ್ದೇವೆ.

ಬೆಳಗಿನ 11ಕ್ಕೆ ಹಾನಗಲ್ಲಿಗೆ 1.8, ಶಿಗ್ಗಾವಿಗೆ 0.9, ಸವಣೂರಿಗೆ 0.6, ಹಿರೇಕೆರೂರಿಗೆ 1.1. ಒಟ್ಟು 4.4. ಮಧ್ಯಾಹ್ನ 1ಕ್ಕೆ ಕ್ರಮವಾಗಿ 0.7, 0.8, 1.5, 0.6. ಒಟ್ಟು 3.6. ಸಂಜೆ 4ಕ್ಕೆ 0.6, 1.7, 0.5, 0.9. ಒಟ್ಟು 3.7. ರಾತ್ರಿ 9ಕ್ಕೆ 0.4, 0.3, 0.3, ಮತ್ತು ದಿನದ ಲೆಕ್ಕ ಮುಗಿಸುವ ಹಿರೇಕೆರೂರಿಗೆ 1.6. ಒಟ್ಟು 2.6.

ಒಬ್ಬೊಬ್ಬರ ಅತಿ ಹೆಚ್ಚಿನ ಅಗತ್ಯವನ್ನು ಹೆಕ್ಕಿ ಕೂಡಿದರೆ 1.8, 1.7, 1.5, 1.6 ಸೇರಿ 6.6 ಆಗುತ್ತದೆ. ಆದರೆ ದಿನದ ಯಾವ ಹೊತ್ತಿನಲ್ಲೂ ನಾಲ್ವರೂ ಸೇರಿ 6.6 ಕೇಳಲೇ ಇಲ್ಲ. ಕೇಳಿದ್ದು ಹೆಚ್ಚೆಂದರೆ 4.4. ಸಾಮರ್ಥ್ಯದ ಲೆಕ್ಕ ಶುರುವಾಗಬೇಕಾದದ್ದು ಈ 4.4ರಿಂದ. ಹಾನಗಲ್ಲಿನ ಏರು ಹೊತ್ತಿನಲ್ಲಿ ಸವಣೂರು ಇಳಿದಿರುವುದೇ ಇಲ್ಲಿ ಸಿಗುವ ಉಳಿತಾಯ.

4.4ಕ್ಕೆ ಗಿರಣಿಯವನ ಕೂಲಿ ಕೂಡಿಸಿ. ಸರದಿ ಹಂಚುವುದಕ್ಕೂ ಒಂದಿಷ್ಟು ದುಡಿಮೆ ಬೇಕು. ಅದಕ್ಕೆ ನೂರಕ್ಕೆ 10 ಹಿಡಿದರೆ 4.84. ಬರುವ ವರ್ಷದ ಬೆಳವಣಿಗೆಗೆ ನೂರಕ್ಕೆ 20 ಸೇರಿಸಿದರೆ ಸುಮಾರು 5.8. ಕಲ್ಲುಗಳು ನೂರಕ್ಕೆ 85ಕ್ಕಿಂತ ಹೆಚ್ಚು ತುಂಬಿರಬಾರದು ಎಂದು ಬಿಡುವು ಇಟ್ಟರೆ 6.8. ಅಂದರೆ 7 ಪ್ರೊಸೆಸರ್. ಇದೇ ಬೆಳವಣಿಗೆ, ಇದೇ ಬಿಡುವು ಇಟ್ಟು ನಾಲ್ಕು ತಾಲ್ಲೂಕಿಗೂ ಬೇರೆ ಬೇರೆ ಯಂತ್ರ ಕೊಟ್ಟರೆ? ಗಿರಣಿಯವನ ಕೂಲಿ ಇಲ್ಲದೆಯೂ ಒಂದೊಂದಕ್ಕೆ 2ಕ್ಕಿಂತ ಹೆಚ್ಚು ಬೇಕಾಗುತ್ತದೆ. ಎರಡೂಕಾಲು ಪ್ರೊಸೆಸರ್ ಯಾರೂ ಮಾರುವುದಿಲ್ಲವಾದ್ದರಿಂದ ತಲಾ 3, ಒಟ್ಟು 12. ಇದು ಸಣ್ಣ ಅಂತರವಲ್ಲ. ದೊಡ್ಡ ಡೇಟಾಬೇಸ್ ಸಾಫ್ಟ್‌ವೇರ್‌ಗಳ ಬೆಲೆಯನ್ನು ಹಲವು ಕಂಪನಿಗಳು ಪ್ರೊಸೆಸರ್ ಎಣಿಸಿಯೇ ಹಾಕುತ್ತವೆ. ಎಷ್ಟೋ ಸಲ ಯಂತ್ರಕ್ಕಿಂತ ಆ ಬಿಲ್ಲೇ ಭಾರ.

ಅಳೆಯುವಾಗ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಹಳೆಯ ಯಂತ್ರದ 4 ಪ್ರೊಸೆಸರ್‌ಗೆ ಹೊಸದರ 4 ಎಂದು ಬರೆದುಬಿಡುವುದು. ಸೇರಿನ ಅಳತೆಯನ್ನು ಕಿಲೋ ಎಂದು ಓದಿದ ಹಾಗೆ ಅದು. ಎರಡರ ನಡುವಿನ ವಿನಿಮಯ ದರ ನಮ್ಮದೇ ಕೆಲಸವನ್ನು ಎರಡರ ಮೇಲೂ ಓಡಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಎರಡನೆಯದು, ತಾಸಿನ ಸರಾಸರಿಯನ್ನು ನಂಬುವುದು. ಅರ್ಧ ತಾಸು ಪೂರ್ತಿ ತುಂಬಿ, ಅರ್ಧ ತಾಸು ಪೂರ್ತಿ ಖಾಲಿ ಇದ್ದ ಯಂತ್ರದ ಸರಾಸರಿ ನೂರಕ್ಕೆ 50. ಕಾಗದದ ಮೇಲೆ ಎಲ್ಲ ನೆಟ್ಟಗಿದೆ, ಕಿಟಕಿಯ ಮುಂದೆ ಮಾತ್ರ ಅರ್ಧ ತಾಸು ಜಗಳ ನಡೆದಿದೆ. ಐದೈದು ನಿಮಿಷಕ್ಕಾದರೂ ಒಮ್ಮೆ, ಅದೂ ತಿಂಗಳ ಕೊನೆಯ ಗದ್ದಲದ ದಿನಗಳಲ್ಲಿ, ಅಳೆಯಬೇಕು.

85ಕ್ಕೇ ಏಕೆ ನಿಲ್ಲಿಸಬೇಕು, ದುಡ್ಡು ಕೊಟ್ಟ ಯಂತ್ರವನ್ನು ಪೂರಾ ದುಡಿಸಬಾರದೇ ಎಂದು ನಮ್ಮವರು ಕೇಳುವುದು ಸಹಜ. ಉತ್ತರ ಕೊಟ್ಟವನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಅರ್ಲಾಂಗ್. ಟೆಲಿಫೋನ್ ಕರೆಗಳ ಲೆಕ್ಕದ ಮೇಲೆ ಅವನ ಮೊದಲ ಪ್ರಬಂಧ 1909ರಲ್ಲಿ ಬಂತು. ಅವನು ಹಾಕಿಕೊಟ್ಟ ದಾರಿಯಲ್ಲಿ ಸಾಗಿದ ಲೆಕ್ಕ ಹೀಗೆ ಹೇಳುತ್ತದೆ. ಒಂದೇ ಕಲ್ಲು, ಹೆಚ್ಚುಕಡಿಮೆಯಾಗುತ್ತ ಸರಾಸರಿ ಎರಡು ನಿಮಿಷದ ಬೀಸು, ಜನ ಬೇಕಾದಾಗ ಬರುತ್ತಾರೆ. ಕಲ್ಲು ನೂರಕ್ಕೆ 50ರಷ್ಟು ತುಂಬಿದ್ದರೆ ಡಬ್ಬಿ ಇಟ್ಟಾಗಿನಿಂದ ಹಿಟ್ಟು ಕೈಗೆ ಬರುವ ತನಕ ಸರಾಸರಿ 4 ನಿಮಿಷ. 80 ತುಂಬಿದರೆ 10 ನಿಮಿಷ. 90ಕ್ಕೆ 20. 95ಕ್ಕೆ 40. 90ರ ಮೇಲೆ ಇನ್ನೈದು ಪಾಲು ದುಡಿಸಿಕೊಳ್ಳಲು ಹೋದರೆ ಕಾಯುವವರ ಹೊತ್ತು ಇಮ್ಮಡಿಯಾಗುತ್ತದೆ. ಆ ಹೊತ್ತು ಯಾರ ಬಜೆಟ್ಟಿನಲ್ಲೂ ಬರೆದಿರುವುದಿಲ್ಲ. ದಿನಗೂಲಿ ಬಿಟ್ಟು ಬಂದವರ ಕಿಸೆಯಿಂದ ಅದು ಹೋಗುತ್ತದೆ.

ಕೂಡಿಸುವುದರ ನಿಜವಾದ ಬೆಲೆ ತಿಳಿಯುವುದೂ ಇಲ್ಲಿಯೇ. ನೂರಕ್ಕೆ 85 ತುಂಬಿದ ಒಂಟಿ ಕಲ್ಲಿನ ಮುಂದೆ ಎರಡು ನಿಮಿಷದ ಬೀಸಿಗೆ 11 ನಿಮಿಷದ ಮೇಲೆ ಕಾಯಬೇಕು. ಅಷ್ಟೇ ತುಂಬಿದ ಏಳು ಕಲ್ಲುಗಳ ಮುಂದೆ ಒಂದೇ ಪಾಳಿ ಹಚ್ಚಿದರೆ ಕಾಯುವುದು ಒಂದು ನಿಮಿಷ ಚಿಲ್ಲರೆ ಮಾತ್ರ. ಯಾವ ಕಲ್ಲು ಖಾಲಿಯಾದರೂ ಪಾಳಿಯ ಮುಂದಿನವನಿಗೆ ಅದು ಸಿಗುತ್ತದೆ. ತಾಲ್ಲೂಕಿಗೊಂದು ಯಂತ್ರವಿದ್ದ ಕಾಲದಲ್ಲಿ ಪಕ್ಕದ ಊರಿನ ಕಲ್ಲು ಖಾಲಿ ತಿರುಗುತ್ತಿದ್ದರೂ ನಮ್ಮ ಡಬ್ಬಿ ಅಲ್ಲಿಗೆ ಹೋಗುವಂತಿರಲಿಲ್ಲ.

ಈ ನಾಲ್ಕೂ ತಾಲ್ಲೂಕುಗಳಿರುವ ನಮ್ಮ ಹಾವೇರಿ ಜಿಲ್ಲೆ ಕೆರೆಗಳ ಸೀಮೆ. ಹಿರೇಕೆರೂರಿನ ಹೆಸರಿನೊಳಗೇ ಕೆರೆ ಕೂತಿದೆ. ಆಷಾಢದ ನೀರನ್ನು ಚೈತ್ರಕ್ಕೆ ಕೂಡಿಡುವುದು ನಮ್ಮವರಿಗೆ ರಕ್ತದಲ್ಲೇ ಬಂದ ಬುದ್ಧಿ. ಪ್ರೊಸೆಸರಿನ ಲೆಕ್ಕದಲ್ಲಿ ನಾವು ಎಡವುವುದೂ ಆ ಬುದ್ಧಿಯಿಂದಲೇ. ನಿನ್ನೆ ರಾತ್ರಿ ಎಂಟು ತಾಸು ಖಾಲಿ ತಿರುಗಿದ ಕಲ್ಲಿನಿಂದ ಇವತ್ತು ಒಂದು ಹಿಡಿ ಹಿಟ್ಟೂ ಸಿಗದು. ಬಳಸದ ಸೆಕೆಂಡು ಕೋಡಿ ಬಿದ್ದ ನೀರು. ಹಾಗಾಗಿ ‘ವರ್ಷದ ಸರಾಸರಿ ನೂರಕ್ಕೆ 20 ಮಾತ್ರ’ ಎಂಬ ವರದಿ ಓದಿ ಯಂತ್ರ ಧಾರಾಳವಾಗಿದೆ ಎಂದುಕೊಂಡರೆ ಮೋಸ ಹೋದಂತೆ. ಪ್ರೊಸೆಸರಿನ ಹೊತ್ತನ್ನು ಕೆರೆಯ ನೀರಿನಂತೆ ಕಾಲದಿಂದ ಕಾಲಕ್ಕೆ ಸಾಗಿಸಲಾಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ, ಅದೂ ಆ ಕ್ಷಣದಲ್ಲೇ, ಸಾಗಿಸಬಹುದು. ಅದನ್ನು ಉಳಿಸುವ ದಾರಿ ಹಂಚಿಕೊಳ್ಳುವುದೊಂದೇ.

ಹಂಚಿಕೆ ಅಂದಮೇಲೆ ತಕರಾರು ಇದ್ದದ್ದೇ. ಜೆಡ್/ವಿಎಂನಲ್ಲಿ ಪ್ರತಿ ಸರ್ವರ್‌ಗೆ ಒಂದು ಪಾಲಿನ ಸಂಖ್ಯೆ ಇರುತ್ತದೆ. ಬೇರೆ ಹೇಳದಿದ್ದರೆ ಅದು 100. ಹಾನಗಲ್ಲಿಗೆ 200 ಮಾಡಿ, ಉಳಿದ ಮೂವರಿಗೆ 100 ಬಿಟ್ಟರೆ ಒಟ್ಟು 500. ಎಲ್ಲರೂ ಒಟ್ಟಿಗೆ ಮುಗಿಬಿದ್ದಾಗ ಹಾನಗಲ್ಲಿಗೆ ನೂರಕ್ಕೆ 40. ಹಾಗೆ ಮುಗಿಬೀಳದ ಹೊತ್ತಿನಲ್ಲಿ ಈ ಸಂಖ್ಯೆಗೆ ಕೆಲಸವಿಲ್ಲ. ಬೇಕಾದವರು ಬೇಕಾದಷ್ಟು ಬೀಸಿಕೊಳ್ಳಬಹುದು.

ಜಾಣರು ಬೀಳುವ ಹೊಂಡ ಇನ್ನೊಂದಿದೆ. ಸರ್ವರ್ ನಿಧಾನವಾಯಿತೆಂದು ದೂರು ಬಂದ ಕೂಡಲೆ ಅದರ ವರ್ಚುವಲ್ ಪ್ರೊಸೆಸರ್‌ಗಳನ್ನು, ಅಂದರೆ ತನ್ನವೆಂದು ಅದು ನಂಬಿಕೊಂಡಿರುವ ಪ್ರೊಸೆಸರ್‌ಗಳನ್ನು, 2ರಿಂದ 4 ಮಾಡಿಬಿಡುತ್ತಾರೆ. ಕಲ್ಲು ಹೆಚ್ಚಾಗಿಲ್ಲ. ಒಂದೇ ಮನೆಯವರು ಪಾಳಿಯಲ್ಲಿ ನಾಲ್ಕು ಡಬ್ಬಿ ಇಟ್ಟ ಹಾಗಾಯಿತು. ಪಾಲು 100ರಷ್ಟೇ ಇದ್ದರೆ ಮೊದಲು ಡಬ್ಬಿಗೆ 50 ಸಿಗುತ್ತಿದ್ದದ್ದು ಈಗ 25 ಆಗುತ್ತದೆ. ಮೇಲಾಗಿ ಒಂದು ಡಬ್ಬಿಯ ಹಿಟ್ಟು ಬಂದ ಹೊರತು ಇನ್ನೊಂದರ ಕೆಲಸ ಮುಂದೆ ಸಾಗದಂಥ ಸಂಬಂಧ ಅವುಗಳ ನಡುವೆ ಇರುತ್ತದೆ. ಒಂದು ಪಾಳಿಗೆ ಕಾಯುತ್ತ ನಿಂತರೆ ಉಳಿದವು ಸುಮ್ಮನೆ ಕಲ್ಲು ತಿರುಗಿಸಿ ಹೊತ್ತು ಕಳೆಯುತ್ತವೆ. ಬೇಕಾದಷ್ಟೇ ವರ್ಚುವಲ್ ಪ್ರೊಸೆಸರ್ ಕೊಡಬೇಕು, ನಿಜವಾಗಿ ಇರುವುದಕ್ಕಿಂತ ಹೆಚ್ಚು ಕೊಡಲೇಬಾರದು ಎಂಬುದು ಈ ಕೆಲಸ ಮಾಡುವವರ ಹಳೆಯ ನಿಯಮ. ಲಿನಕ್ಸಿನಲ್ಲಿ ‘ಟಾಪ್’ ಎಂಬ ಆಜ್ಞೆ ಕೊಟ್ಟರೆ ‘ಎಸ್‌ಟಿ’ ಎಂಬ ಒಂದು ಅಂಕಿ ಕಾಣುತ್ತದೆ. ದುಡಿಯಲು ಸಿದ್ಧವಿದ್ದರೂ ಪಾಳಿ ಬಾರದೆ ಕಳೆದ ಹೊತ್ತು ಅದು. ಅದು ಏರಿದ್ದರೆ ರೋಗ ಆ ಸರ್ವರ್‌ನೊಳಗಿಲ್ಲ, ಗಿರಣಿಯಲ್ಲಿದೆ.

ಇಷ್ಟೆಲ್ಲ ಆದ ಮೇಲೂ ನಮ್ಮ 7ರ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ. ನಾಲ್ವರ ಏರು ಹೊತ್ತು ಬೇರೆ ಬೇರೆ ಎಂಬುದೇ ಆ ನಂಬಿಕೆ. ನಮ್ಮ ಗಿರಣಿಯಲ್ಲಿ ವರ್ಷವಿಡೀ ಅದು ನಿಜ, ನಾಗರಪಂಚಮಿಯ ಹಿಂದಿನ ವಾರ ಸುಳ್ಳು. ಎಲ್ಲರ ಮನೆಗೂ ಒಂದೇ ದಿನ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಎಲ್ಲರಿಗೂ ಒಂದೇ ದಿನ ಉಂಡಿಯ ಹಿಟ್ಟು ಬೇಕು. ನಮ್ಮ ನಾಲ್ಕು ತಾಲ್ಲೂಕುಗಳೂ ಹಾಗೇ. ಹಾನಗಲ್ಲಿನಲ್ಲಿ ಬತ್ತ, ಹಿರೇಕೆರೂರಿನಲ್ಲಿ ಗೋವಿನಜೋಳ, ಸವಣೂರಿನಲ್ಲಿ ವೀಳ್ಯದೆಲೆ. ಬೆಳೆ ಬೇರೆಯಾದರೂ ಸುರಿಯುವ ಮುಂಗಾರು ಒಂದೇ, ಕಚೇರಿಯ ವೇಳೆ ಒಂದೇ, ಬೆಳೆವಿಮೆಯ ಕೊನೆಯ ದಿನಾಂಕವೂ ಹೆಚ್ಚುಕಡಿಮೆ ಒಂದೇ. 2023ರ ಜೂನ್ 18ರಂದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನೋಂದಣಿ ತೆರೆದಾಗ ರಾಜ್ಯಕ್ಕೆ ರಾಜ್ಯವೇ ಒಂದೇ ಬಾಗಿಲಿಗೆ ಬಂದು ನಿಂತಿತ್ತು.

ಅಂಥ ದಿನ ನಮ್ಮ ಪಾಟಿಯ ಲೆಕ್ಕ ಏನಾಗುತ್ತದೆ ನೋಡಿ. ನಾಲ್ವರೂ ಒಮ್ಮೆಲೆ ಏರುತ್ತಾರೆ. ವರದಿ ಈಗಲೇ ಬೇಕೆಂದು ಮೇಲಿನಿಂದ ಫೋನು ಬಂದು ಹಿರೇಕೆರೂರಿನ ರಾತ್ರಿ ಕೆಲಸವೂ ಹಗಲಿಗೆ ಬರುತ್ತದೆ. ಆಗ 6.6, ಗಿರಣಿಯವನ ಕೂಲಿ ಸೇರಿ 7.26. ಇರುವುದು 7. ಮೇಲ್ನೋಟಕ್ಕೆ ಕಾಲು ಪ್ರೊಸೆಸರ್ ಕಡಿಮೆ, ಅಷ್ಟೇ. ಆದರೆ ಬರುವ ಕೆಲಸ ಮುಗಿಯುವ ಕೆಲಸಕ್ಕಿಂತ ಹೆಚ್ಚಿರುವ ತನಕ ಸಾಲು ಕರಗುವ ಮಾತೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ಕಿಟಕಿಯಲ್ಲಿ ಕೂತವರು ಅದನ್ನು ‘ಸರ್ವರ್ ಇಲ್ರೀ’ ಎಂದು ಭಾಷಾಂತರಿಸುತ್ತಾರೆ.

ಇದಕ್ಕೆ ಮೂರು ದಾರಿ. ಒಂದು, ತಡೆದುಕೊಳ್ಳುವ ಕೆಲಸವನ್ನು ತಡೆಯುವುದು. ಹಿರೇಕೆರೂರಿನ ಲೆಕ್ಕವನ್ನು ಮತ್ತೆ ರಾತ್ರಿಗೆ ಕಳಿಸಿದರೆ ಹಗಲಿನ ಅಗತ್ಯ 6.71ಕ್ಕೆ ಇಳಿದು, ಏದುಸಿರು ಬಿಡುತ್ತಾದರೂ ಗಿರಣಿ ನಡೆಯುತ್ತದೆ. ಪ್ರೊಸೆಸರಿನ ಹೊತ್ತನ್ನು ಕೂಡಿಡಲಾಗದು, ಕೆಲಸವನ್ನು ಮುಂದಕ್ಕೆ ಹಾಕಬಹುದು. ಎರಡು, ಮಡಗಿಟ್ಟ ಕಲ್ಲು. ಮೇನ್‌ಫ್ರೇಮಿನ ಪೆಟ್ಟಿಗೆಯೊಳಗೆ ಹಣ ಕೊಟ್ಟದ್ದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳು ಮಲಗಿರುವುದುಂಟು. ಬೇಕಾದ ದಿನಗಳಿಗೆ ಬಾಡಿಗೆ ಕೊಟ್ಟು ಅವನ್ನು ಎಬ್ಬಿಸುವ ಏರ್ಪಾಡು ಇದೆ. ಮೂರು, ನೆರೆಮನೆಯವರನ್ನು ನೋಡಿ ಆರಿಸುವುದು. ಒಂದೇ ಮಳೆಗೆ ನೆನೆಯುವ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿದರೆ ಆಗುವ ಉಳಿತಾಯಕ್ಕಿಂತ, ಹಗಲಿನ ಕಚೇರಿಯೊಂದನ್ನು ರಾತ್ರಿ ದುಡಿಯುವ ಬ್ಯಾಂಕಿನ ಲೆಕ್ಕದೊಂದಿಗೆ ಕೂಡಿಸಿದರೆ ಆಗುವ ಉಳಿತಾಯ ದೊಡ್ಡದು.

ದಿನಾಂಕ ಗೊತ್ತುಮಾಡುವವರ ಕೈಯಲ್ಲಿ ಇನ್ನೂ ಒಂದು ಉಪಾಯವಿದೆ, ಅದಕ್ಕೆ ಒಂದು ಪ್ರೊಸೆಸರೂ ಬೇಡ. ಕೊನೆಯ ದಿನವನ್ನು ಹಾನಗಲ್ಲಿಗೊಂದು, ಸವಣೂರಿಗೊಂದು ಮಾಡಿದರೆ 6.6 ತಾನಾಗಿ 4.4ರ ಕಡೆ ಜಾರುತ್ತದೆ. ನಮ್ಮ ಗಿರಣಿಯವ ಪಂಚಮಿಯ ವಾರ ಓಣಿಗೊಂದು ದಿನ ಹಂಚುತ್ತಿದ್ದ. ಅವನಿಗೆ ಅರ್ಲಾಂಗ್ ಯಾರೆಂದು ಗೊತ್ತಿರಲಿಲ್ಲ.

ಇನ್ನು ಮುಂದೆ ಕಿಟಕಿಯಲ್ಲಿ ‘ಸರ್ವರ್ ಇಲ್ರೀ’ ಎಂಬ ಮಾತು ಬಂದರೆ ಸಿಟ್ಟಾಗುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: “ಇಲ್ಲೇನ್ರೀ, ಇಲ್ಲಾ ಪಾಳಿ ಉದ್ದ ಐತೇನ್ರೀ?” ಸರ್ವರ್ ಇಲ್ಲದಿದ್ದರೆ ನಾಳೆ ಬರುವುದೇ ಸೈ. ಪಾಳಿ ಉದ್ದವಿದ್ದರೆ, ಸಂಜೆ ಐದೂವರೆಯ ತನಕ ಆ ಬೆಂಚಿನ ಮೇಲೆ ಕೂಡಬಹುದು.